ಅಮ್ಮ–ಮಗಳ ಒಂದು ದಿನಕ್ಕೆ ಬೆಂಗಳೂರಿನ ಯಾವ ಭಾಗ?

ಮನೆ, ಕಚೇರಿ, ಮಕ್ಕಳ ಶಾಲೆ ಇವೆಲ್ಲವನ್ನೂ ಒಂದು ದಿನದ ಮಟ್ಟಿಗೆ ಬದಿಗಿಟ್ಟು, ಅಮ್ಮನನ್ನು ಕರೆದುಕೊಂಡು ಬೆಂಗಳೂರಿನಲ್ಲಿ ಹಾಯಾಗಿ ಸುತ್ತಾಡಿ, ಒಳ್ಳೆಯ ತಿಂಡಿ ತಿಂದು, ಅವರಿಗೆ ಏನಾದರೂ ಕೊಡಿಸಿ ಬರಬೇಕೆಂದುಕೊಳ್ಳುವ ಹೆಣ್ಣುಮಕ್ಕಳು ಕಡಿಮೆಯೇನಿಲ್ಲ. ದಿನ ಗೊತ್ತಾದ ಮೇಲೆ ಉಳಿಯುವುದು ಎಲ್ಲಿಗೆ ಹೋಗುವುದೆಂಬ ಪ್ರಶ್ನೆ. ಲಾಲ್‌ಬಾಗ್, ಚಿಕ್ಕಪೇಟೆ, ಮಲ್ಲೇಶ್ವರ, ಎಂ.ಜಿ. ರಸ್ತೆ ಎಲ್ಲವನ್ನೂ ಒಂದೇ ದಿನಕ್ಕೆ ತುರುಕಿದರೆ ಅರ್ಧ ದಿನ ಆಟೋದಲ್ಲಿಯೂ ಸಿಗ್ನಲ್‌ಗಳಲ್ಲಿಯೂ ಕಳೆದುಹೋಗುತ್ತದೆ. ಆದ್ದರಿಂದ ಇಲ್ಲಿ ಹೋಲಿಸುತ್ತಿರುವುದು ಬಿಡಿ ಬಿಡಿ ತಾಣಗಳನ್ನಲ್ಲ, ನಗರದ ನಾಲ್ಕು ಭಾಗಗಳನ್ನು. ಇವುಗಳಲ್ಲಿ ಒಂದನ್ನು ಆರಿಸಿಕೊಂಡು ಬೆಳಿಗ್ಗೆಯಿಂದ ಸಂಜೆಯವರೆಗೆ ಅದರ ಆಸುಪಾಸಿನಲ್ಲಿಯೇ ಇರಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಆಯ್ಕೆಯ ಅಳತೆಗೋಲಾಗಿ ನಾನು ಇಟ್ಟುಕೊಂಡಿರುವುದು ಪ್ರಸಿದ್ಧಿಯನ್ನಲ್ಲ. ಅರವತ್ತು ದಾಟಿದ ತಾಯಂದಿರಲ್ಲಿ ಮಂಡಿನೋವು ಇಲ್ಲದವರು ಅಪರೂಪ. ಹಾಗಾಗಿ ಗಂಟೆಗೊಮ್ಮೆಯಾದರೂ ನೆರಳಿನಲ್ಲಿ ಕುಳಿತುಕೊಳ್ಳುವ ಜಾಗ ಸಿಗುತ್ತದೆಯೇ, ಶುಚಿಯಾದ ಶೌಚಾಲಯ ಹತ್ತಿರದಲ್ಲಿದೆಯೇ ಎಂಬುದನ್ನು ಮೊದಲು ನೋಡಬೇಕು. ಶೌಚಾಲಯದ ಖಾತ್ರಿಯಿಲ್ಲದ ಕಡೆ ಅನೇಕ ತಾಯಂದಿರು ಬೆಳಿಗ್ಗೆಯಿಂದಲೇ ನೀರು ಕುಡಿಯುವುದನ್ನು ನಿಲ್ಲಿಸಿಬಿಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ತಲೆನೋವು ಶುರುವಾಗುವುದು ಬಿಸಿಲಿನಿಂದ ಮಾತ್ರವಲ್ಲ. ಇಬ್ಬರೂ ಕುಳಿತು ಮಾತನಾಡುವಷ್ಟು ಬಿಡುವು ಇದೆಯೇ ಎಂಬುದು ಎರಡನೆಯದು. ಕೊಳ್ಳುವ ವಸ್ತು, ನೋಡುವ ಸ್ಥಳ ಇವೆಲ್ಲ ಆಮೇಲಿನ ಮಾತು.

ಓಡಾಟದ ಖರ್ಚನ್ನೂ ಮೊದಲೇ ಹೇಳಿಬಿಡುತ್ತೇನೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದಾಗಿ ಕರ್ನಾಟಕದ ನಿವಾಸಿಗಳಾದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್‌ಗಳಲ್ಲಿ ಪ್ರಯಾಣ ಉಚಿತ. ಹವಾನಿಯಂತ್ರಿತ ಬಸ್‌ಗಳಿಗೆ ಇದು ಅನ್ವಯಿಸುವುದಿಲ್ಲ. ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ಇಬ್ಬರ ಬಳಿಯೂ ಇರಬೇಕು, ಶೂನ್ಯ ದರದ ಟಿಕೆಟನ್ನು ಕೇಳಿ ಪಡೆದುಕೊಳ್ಳಬೇಕು. ಮೆಟ್ರೋದಲ್ಲಿ ಈ ಸೌಲಭ್ಯವಿಲ್ಲ. ಆದರೂ ಈ ದಿನಕ್ಕೆ ಮೆಟ್ರೋವೇ ವಾಸಿ, ಏಕೆಂದರೆ ನಾಲ್ಕೂ ಭಾಗಗಳಿಗೆ ಹತ್ತಿರದಲ್ಲಿ ನಿಲ್ದಾಣಗಳಿವೆ, ನಿಲ್ದಾಣಗಳಲ್ಲಿ ಲಿಫ್ಟ್ ಇದೆ, ಅನೇಕ ಕಡೆ ಶೌಚಾಲಯವೂ ಇದೆ. ಹಸಿರು ಮಾರ್ಗದಲ್ಲಿ ಸಂಪಿಗೆ ರಸ್ತೆ, ಚಿಕ್ಕಪೇಟೆ, ನ್ಯಾಷನಲ್ ಕಾಲೇಜು, ಲಾಲ್‌ಬಾಗ್ ಸಾಲಾಗಿ ಬರುತ್ತವೆ. ಕಬ್ಬನ್ ಪಾರ್ಕ್ ಮತ್ತು ಎಂ.ಜಿ. ರಸ್ತೆ ನೇರಳೆ ಮಾರ್ಗದಲ್ಲಿವೆ. ಎರಡೂ ಮೆಜೆಸ್ಟಿಕ್‌ನಲ್ಲಿ ಕೂಡುತ್ತವೆ.

ಲಾಲ್‌ಬಾಗ್ ಮತ್ತು ಬಸವನಗುಡಿ

ಹೆಚ್ಚಿನವರಿಗೆ ನಾನು ಸೂಚಿಸುವುದು ಈ ಭಾಗವನ್ನೇ. ಹೈದರ್ ಅಲಿ 1760ರಲ್ಲಿ ಆರಂಭಿಸಿದ ಲಾಲ್‌ಬಾಗ್ ಈಗ ಸುಮಾರು 240 ಎಕರೆಯಷ್ಟು ವಿಸ್ತಾರವಾಗಿದೆ. 1889ರ ಗಾಜಿನ ಮನೆ, ಕೆರೆ, ಕೆಂಪೇಗೌಡರ ಗೋಪುರವಿರುವ ಬಂಡೆ ಎಲ್ಲವನ್ನೂ ನಡೆದೇ ನೋಡುತ್ತೇನೆಂದು ಹೊರಟರೆ ಅಮ್ಮ ಸುಸ್ತಾಗುವುದು ನಿಶ್ಚಯ. ಆ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು, ಭೂಮಿಯ ಅತಿ ಪುರಾತನ ಶಿಲೆಗಳ ಸಾಲಿನದು; ಏರು ದೊಡ್ಡದಲ್ಲದಿದ್ದರೂ ಇಳಿಜಾರು ಮಂಡಿಗೆ ಕಷ್ಟ, ಕೆಳಗಿನಿಂದ ನೋಡಿದರೂ ಸಾಕು. ಒಳಗೆ ಬ್ಯಾಟರಿ ವಾಹನದ ಸೌಲಭ್ಯವಿದೆ. ಬೆಳಿಗ್ಗೆ ಏಳು–ಏಳೂವರೆಗೆ ಒಳಗೆ ಹೋಗಿ, ಗಾಜಿನ ಮನೆಯ ಸುತ್ತ ಒಂದು ಸುತ್ತು ಹಾಕಿ, ದೊಡ್ಡ ಮರವೊಂದರ ಕೆಳಗಿನ ಕಲ್ಲುಬೆಂಚಿನ ಮೇಲೆ ಅರ್ಧ ಗಂಟೆ ಕುಳಿತರೆ ಆ ದಿನಕ್ಕೆ ಒಳ್ಳೆಯ ಆರಂಭವಾಗುತ್ತದೆ. ಮನೆಯಲ್ಲಿ ಅಡುಗೆಮನೆ ಬಾಗಿಲಿಗೆ ಒರಗಿಕೊಂಡು ಹೇಳಿ ಮುಗಿಸಲಾಗದ ಎಷ್ಟೋ ಸುದ್ದಿಗಳು ಇಂತಹ ಕಡೆ ತಾವಾಗಿಯೇ ಹೊರಬರುತ್ತವೆ. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನದ ಆಸುಪಾಸಿನ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಮಾತ್ರ ಈ ಲೆಕ್ಕ ತಲೆಕೆಳಗು. ಅಮ್ಮ ಹೂವು ನೋಡಲೆಂದೇ ಬರುತ್ತಿದ್ದರೆ ವಾರದ ನಡುವೆ, ಬಾಗಿಲು ತೆರೆಯುವ ಹೊತ್ತಿಗೆ ಬನ್ನಿ. ಇಲ್ಲವಾದರೆ ಆ ದಿನಗಳನ್ನು ಬಿಟ್ಟುಬಿಡಿ.

ತಿಂಡಿಗೆ ಇಲ್ಲಿ ಎರಡು ಪ್ರಬಲ ಆಯ್ಕೆಗಳಿವೆ. 1924ರಲ್ಲಿ ಶುರುವಾದ ಎಂ.ಟಿ.ಆರ್. ಲಾಲ್‌ಬಾಗ್‌ನ ಮುಖ್ಯದ್ವಾರದಿಂದ ದೂರವಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ರವೆ ಇಡ್ಲಿ ಹುಟ್ಟಿದ್ದು ಇಲ್ಲಿಯೇ ಎಂಬುದು ಹೋಟೆಲಿನವರ ಹೆಮ್ಮೆ. ಬಿಸಿ ರವೆ ಇಡ್ಲಿಯ ಜೊತೆಗೆ ಪುಟ್ಟ ಬಟ್ಟಲಲ್ಲಿ ಕರಗಿದ ತುಪ್ಪ ಬರುತ್ತದೆ. ಸಕ್ಕರೆ, ಕೊಲೆಸ್ಟರಾಲ್ ಎಂದು ಮನೆಯಲ್ಲಿ ತುಪ್ಪದ ಡಬ್ಬಿಯನ್ನು ಮೇಲಿನ ಅಟ್ಟಕ್ಕೇರಿಸಿರುವ ತಾಯಂದಿರು ಆ ಬಟ್ಟಲನ್ನು ಒಮ್ಮೆ ನೋಡಿ, ಮಗಳ ಮುಖವನ್ನೊಮ್ಮೆ ನೋಡಿ, ಕೊನೆಗೆ ಪೂರ್ತಿಯಾಗಿ ಸುರಿದುಕೊಳ್ಳುವುದುಂಟು. ಆ ಹೊತ್ತಿನಲ್ಲಿ ಮಗಳು ಮಾತನಾಡಬಾರದು. ಮಧ್ಯಾಹ್ನದ ಊಟವೂ ಇಲ್ಲಿ ಭಾರಿಯೇ: ಒಂದಾದ ಮೇಲೊಂದು ಬಡಿಸುತ್ತ ಹೋಗುತ್ತಾರೆ. ತಿಂಡಿ ಮತ್ತು ಊಟ ಎರಡನ್ನೂ ಇಲ್ಲಿಯೇ ಮಾಡುವ ಸಾಹಸ ಬೇಡ. ಹೆಸರು ಬರೆಸಿ ಕಾಯಬೇಕಾಗುತ್ತದೆ; ಮೇಲಿನ ಅಂತಸ್ತಿಗೆ ಕಳುಹಿಸಿದರೆ ಮೆಟ್ಟಿಲು ಹತ್ತಲಾಗದೆಂದು ಮೊದಲೇ ತಿಳಿಸಿ.

ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರದು. ಅಲ್ಲಿನ ಮಸಾಲೆ ದೋಸೆ ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಮಾಣಿಗಳು ಕೈಯ ಉದ್ದಕ್ಕೂ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಬರುವುದನ್ನು ನೋಡುವುದೇ ಒಂದು ಸೊಗಸು. ಗೋಡೆಯ ಮೇಲೆ ಕನ್ನಡದ ಸಾಹಿತಿಗಳ ರೇಖಾಚಿತ್ರಗಳಿವೆ. ಶಾಲೆಯ ಪುಸ್ತಕದಲ್ಲಿ ಕಂಡ ಮುಖಗಳನ್ನು ಗುರುತಿಸುವುದರಲ್ಲಿ ಅಮ್ಮನೇ ಮಗಳಿಗಿಂತ ಮುಂದಿರುತ್ತಾರೆ. ಆದರೆ ಇಲ್ಲಿ ಕುಳಿತು ಹರಟುವಂತಿಲ್ಲ, ಬಾಗಿಲಲ್ಲಿ ಜನ ಕಾಯುತ್ತಿರುತ್ತಾರೆ. ಊಟವೂ ಸಿಗುವುದಿಲ್ಲ, ಮಧ್ಯಾಹ್ನ ಒಂದಷ್ಟು ಹೊತ್ತು ಬಾಗಿಲು ಹಾಕಿರುತ್ತದೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ನ ಇಡ್ಲಿ–ವಡೆಗೂ ಚಟ್ನಿಗೂ ನಾನು ಸೋತವಳೇ. ಆದರೂ ಅಲ್ಲಿ ನಿಂತುಕೊಂಡೇ ತಿನ್ನಬೇಕಾದ್ದರಿಂದ ಅಮ್ಮನ ಜೊತೆಗಿನ ದಿನಕ್ಕೆ ಅದನ್ನು ಸೂಚಿಸಲಾರೆ. ಮೂರರಲ್ಲಿ ಒಂದೆಂದರೆ ಎಂ.ಟಿ.ಆರ್.; ರುಚಿಗಿಂತ ಹೆಚ್ಚಾಗಿ, ಒಂದು ಕಾಫಿಯನ್ನು ನಿಧಾನವಾಗಿ ಕುಡಿಯಲು ಅಲ್ಲಿ ಸಾಧ್ಯವಿದೆ ಎಂಬ ಕಾರಣಕ್ಕೆ.

ತಿಂಡಿಯ ನಂತರ ಆಟೋ ಹಿಡಿದು ಗಾಂಧಿ ಬಜಾರಿಗೆ ಹೋದರೆ ಹೂವು, ಹಣ್ಣು, ಗ್ರಂಥಿಗೆ ಸಾಮಾನು, ಹಪ್ಪಳ–ಸಂಡಿಗೆ, ಸೀರೆ ಎಲ್ಲವೂ ಒಂದೇ ರಸ್ತೆಯಲ್ಲಿ ಸಿಗುತ್ತವೆ. ಓದುವ ತಾಯಿಯಾದರೆ ಅಲ್ಲಿಯೇ ಇರುವ ಅಂಕಿತ ಪುಸ್ತಕ ಮಳಿಗೆಯಲ್ಲಿ ಒಂದು ಗಂಟೆ ಕಳೆಯಬಹುದು. ಸೀರೆಗಿಂತ ನಾಲ್ಕು ಪುಸ್ತಕಗಳನ್ನು ಪಡೆದು ಹೆಚ್ಚು ಸಂತೋಷಪಡುವ ತಾಯಂದಿರು ನಾವು ಊಹಿಸುವುದಕ್ಕಿಂತ ಹೆಚ್ಚಿದ್ದಾರೆ. ದೊಡ್ಡ ಗಣಪತಿ, ಏಕಶಿಲೆಯ ದೊಡ್ಡ ಬಸವಣ್ಣ, ಪಕ್ಕದ ಬ್ಯೂಗಲ್ ರಾಕ್ ಉದ್ಯಾನ ಇವೆಲ್ಲ ಹತ್ತಿರದಲ್ಲಿಯೇ ಇವೆ. ಕಾರ್ತಿಕ ಮಾಸದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆಗೆ ಬರುವುದಾದರೆ ಉಳಿದ ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳಬೇಡಿ, ಜನಸಂದಣಿಯಲ್ಲಿ ದಿನ ಅದಕ್ಕೇ ಸರಿಹೋಗುತ್ತದೆ.

ಮಲ್ಲೇಶ್ವರ

1898ರ ಪ್ಲೇಗಿನ ಬಳಿಕ, ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರತರಲು ಬಸವನಗುಡಿಯ ಜೊತೆಜೊತೆಗೆ ಬೆಳೆದ ಬಡಾವಣೆ ಇದು. ಹಾಗಾಗಿ ಎರಡರ ಗುಣವೂ ಹತ್ತಿರ ಹತ್ತಿರ: ದೇವಸ್ಥಾನ, ಮಾರುಕಟ್ಟೆ, ತಿಂಡಿಯ ಹೋಟೆಲು, ಸಂಗೀತ. ವ್ಯತ್ಯಾಸ ಕಾಣುವುದು ಕೊಳ್ಳುವ ವಿಷಯದಲ್ಲಿ. ಸಂಪಿಗೆ ರಸ್ತೆ ಮತ್ತು ಎಂಟನೆಯ ಅಡ್ಡರಸ್ತೆಯಲ್ಲಿ ದೊಡ್ಡ ಖರೀದಿಗಿಂತ ಚಿಲ್ಲರೆ ಖರೀದಿಯ ಸುಖ ಹೆಚ್ಚು. ಕುಪ್ಪಸದ ಬಟ್ಟೆಗೆ ಮ್ಯಾಚಿಂಗ್ ಸೆಂಟರ್, ಸೀರೆಗೆ ಫಾಲ್, ಗಾಜಿನ ಬಳೆ, ದೀಪದ ಬತ್ತಿ, ಅವರೆಕಾಯಿ ಕಾಲದಲ್ಲಿ ಅವರೆಕಾಯಿ. ಮನೆಯಿಂದ ಸೀರೆಯ ಸೆರಗನ್ನು ಕೈಚೀಲದಲ್ಲಿ ಮಡಚಿ ತಂದು, ಅಂಗಡಿಯ ಹೊರಗೆ ಬಿಸಿಲಿಗೆ ಹಿಡಿದು, ಹನ್ನೆರಡು ಬಗೆಯ ಹಸಿರಿನಲ್ಲಿ ತನಗೆ ಬೇಕಾದ ಒಂದು ಹಸಿರನ್ನು ಹುಡುಕುವ ಅಮ್ಮ ನಿಮ್ಮವರಾಗಿದ್ದರೆ ಬೇರೆ ಹೋಲಿಕೆಯೇ ಬೇಕಿಲ್ಲ, ಮಲ್ಲೇಶ್ವರಕ್ಕೆ ಬನ್ನಿ.

ಕಾಡು ಮಲ್ಲೇಶ್ವರ ದೇವಾಲಯ, ಅದರೆದುರಿನ ನಂದಿ ತೀರ್ಥ, ಗಂಗಮ್ಮನ ಗುಡಿ ಒಂದೇ ರಸ್ತೆಯಲ್ಲಿವೆ. ನಂದಿ ತೀರ್ಥದಲ್ಲಿ ನಂದಿಯ ಬಾಯಿಂದ ಬೀಳುವ ನೀರು ಕೆಳಗಿನ ಲಿಂಗದ ಮೇಲೆ ಹರಿದು ಕಲ್ಯಾಣಿ ಸೇರುತ್ತದೆ. ಮಟ್ಟಸವಾದ ಜಗಲಿಯಿದ್ದು ಕುಳಿತುಕೊಳ್ಳಲು ತಂಪು. ತಿಂಡಿಗೆ ಸಿ.ಟಿ.ಆರ್., ಅಂದರೆ ಫಲಕದ ಮೇಲೆ ಶ್ರೀ ಸಾಗರ್ ಎಂದಿರುವ ಹೋಟೆಲು. ಬೆಣ್ಣೆ ಮಸಾಲೆಗೆ ಬರುವವರು ಒಂದೇ ಮೇಜನ್ನು ಅಪರಿಚಿತರೊಂದಿಗೆ ಹಂಚಿಕೊಳ್ಳಬೇಕಾಗುತ್ತದೆ. ಹದಿನೈದನೆಯ ಅಡ್ಡರಸ್ತೆಯ ವೀಣಾ ಸ್ಟೋರ್ಸ್‌ನ ಇಡ್ಲಿ ಮೃದುವೇ ಹೌದು, ಆದರೆ ಅಲ್ಲಿಯೂ ಬೀದಿಯಲ್ಲಿ ನಿಲ್ಲುವ ವ್ಯವಸ್ಥೆಯೇ. ಊಟಕ್ಕೆ ಸಂಪಿಗೆ ರಸ್ತೆ ಬದಿಯ ಹಳ್ಳಿಮನೆಯಲ್ಲಿ ಅಕ್ಕಿ ರೊಟ್ಟಿ, ರಾಗಿ ರೊಟ್ಟಿಯಂತಹ ಹಗುರ ಪದಾರ್ಥಗಳು ದೊರೆಯುತ್ತವೆ.

ಮಲ್ಲೇಶ್ವರದ ಕೊರತೆಯೆಂದರೆ ನಡುಮಧ್ಯಾಹ್ನದ ಮೂರು ಗಂಟೆಗಳು. ಲಾಲ್‌ಬಾಗ್‌ನಂತಹ ವಿಶಾಲ ನೆರಳು ಇಲ್ಲಿಲ್ಲ. 1882ರಲ್ಲಿ ನಿರ್ಮಾಣವಾದ ಸ್ಯಾಂಕಿ ಕೆರೆ ಬಡಾವಣೆಯ ಇನ್ನೊಂದು ತುದಿಗಿದ್ದು, ಅದು ಬೆಳಗಿಗೆ ಅಥವಾ ಇಳಿಹೊತ್ತಿಗೆ ಹೇಳಿದ ಜಾಗ. ಕಾಲುದಾರಿಗಳನ್ನು ವ್ಯಾಪಾರಿಗಳು ಆಕ್ರಮಿಸಿಕೊಂಡಿರುವುದರಿಂದ ಕೈಹಿಡಿದು ನಡೆಯಲೂ ಆಗದು. ಹತ್ತಿರದಲ್ಲಿ ನೆಂಟರ ಮನೆಯಿದ್ದು, ಮಧ್ಯಾಹ್ನ ಅಲ್ಲಿ ಅಡ್ಡಾಗಬಹುದಾದರೆ ಈ ಕೊರತೆ ನೀಗುತ್ತದೆ. ತುಮಕೂರಿನ ಕಡೆಯಿಂದ ರೈಲಿನಲ್ಲಿ ಬರುವವರಿಗೆ ಒಂದು ಅನುಕೂಲವಿದೆ: ಕೆಲವು ಪ್ಯಾಸೆಂಜರ್ ರೈಲುಗಳು ಮಲ್ಲೇಶ್ವರದ ನಿಲ್ದಾಣದಲ್ಲಿಯೇ ನಿಲ್ಲುತ್ತವೆ.

ಚಿಕ್ಕಪೇಟೆ

ಮನೆಯಲ್ಲಿ ಮದುವೆಯೋ ಗೃಹಪ್ರವೇಶವೋ ಇದ್ದು ರೇಷ್ಮೆ ಸೀರೆಯನ್ನು ತೆಗೆಯಲೇಬೇಕಾದಾಗ ಮಾತ್ರ ಈ ಭಾಗವನ್ನು ಆರಿಸಿ. ಸುಮ್ಮನೆ ನೋಡಿಕೊಂಡು ಬರಲು ಹೋಗುವ ಜಾಗ ಇದಲ್ಲ. ರಸ್ತೆಗಳು ಇಕ್ಕಟ್ಟು, ಹೊರೆ ಹೊತ್ತವರೂ ದ್ವಿಚಕ್ರ ವಾಹನಗಳೂ ಒಟ್ಟಿಗೆ ನುಗ್ಗುತ್ತವೆ, ಶೌಚಾಲಯಕ್ಕೆ ಮೆಟ್ರೋ ನಿಲ್ದಾಣವನ್ನೇ ನಂಬಬೇಕು. ಇಷ್ಟೆಲ್ಲ ಇದ್ದರೂ ಆಯ್ಕೆಯ ವಿಸ್ತಾರದಲ್ಲಿ ಇದಕ್ಕೆ ಸಾಟಿಯಾದ ಜಾಗ ನಗರದಲ್ಲಿ ಮತ್ತೊಂದಿಲ್ಲ.

ಅಂಗಡಿಯಲ್ಲಿ ಬಿಳಿ ಹಾಸಿನ ಮೇಲೆ ಕುಳಿತ ಮಾರಾಟಗಾರರು ಕೇಳುವ ಮೊದಲ ಪ್ರಶ್ನೆ, “ಎಷ್ಟರೊಳಗೆ ತೋರಿಸಲಿ ಅಮ್ಮ?” ಎಂಬುದು. ಅಮ್ಮ ಹೇಳುವ ಮೊತ್ತ ಯಾವಾಗಲೂ ಮಗಳು ಮನಸ್ಸಿನಲ್ಲಿಟ್ಟುಕೊಂಡ ಮೊತ್ತದ ಅರ್ಧ. ಆಮೇಲೆ ಇಷ್ಟವಾದ ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡು ಕನ್ನಡಿಯಲ್ಲಿ ನೋಡುತ್ತ ನೋಡುತ್ತಲೇ ಬೆರಳಿನಿಂದ ಬೆಲೆಚೀಟಿಯನ್ನು ತಿರುಗಿಸುತ್ತಾರೆ, “ಬಣ್ಣ ಯಾಕೋ ಸರಿಯಿಲ್ಲ” ಎಂದು ಕೆಳಗಿಡುತ್ತಾರೆ. ಆದ್ದರಿಂದ ಮೊತ್ತವನ್ನು ಮನೆಯಲ್ಲಿಯೇ ಮಾತನಾಡಿ ಒಪ್ಪಿಸಿಕೊಂಡು ಬರುವುದು, ಅಂಗಡಿಯವರೊಂದಿಗೆ ಆ ಮಾತನ್ನು ಮಗಳೇ ಆಡುವುದು ಒಳ್ಳೆಯದು. ನೆಲದ ಮೇಲೆ ಕೂರಲಾಗದಿದ್ದರೆ ಸ್ಟೂಲ್ ಕೇಳಲು ಸಂಕೋಚ ಬೇಡ, ಬಹುತೇಕ ಅಂಗಡಿಗಳಲ್ಲಿ ಕೊಡುತ್ತಾರೆ.

ರೇಷ್ಮೆಯ ಶುದ್ಧತೆಗೆ ಸಿಲ್ಕ್ ಮಾರ್ಕ್ ಚೀಟಿಯನ್ನು ನೋಡಿ. ಆದರೆ ಅದು ನೂಲು ಅಪ್ಪಟ ರೇಷ್ಮೆ ಎಂಬುದನ್ನಷ್ಟೇ ಖಾತ್ರಿಪಡಿಸುತ್ತದೆ, ಜರಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಜರಿಯೂ ನಂಬಿಕೆಗೆ ಅರ್ಹವಾಗಿರಬೇಕೆಂದರೆ ಕೆ.ಜಿ. ರಸ್ತೆಯಲ್ಲಿ ಮಳಿಗೆಯಿರುವ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮವನ್ನು ಚಿಕ್ಕಪೇಟೆಯೊಂದಿಗೆ ಹೋಲಿಸಿ ನೋಡಬೇಕು. 1912ರಲ್ಲಿ ಮೈಸೂರಿನಲ್ಲಿ ಆರಂಭವಾದ ಕಾರ್ಖಾನೆಯ ಪರಂಪರೆಯ ಈ ಸೀರೆಗಳ ಜರಿಯಲ್ಲಿ ಶೇ. 65ರಷ್ಟು ಬೆಳ್ಳಿ, ಶೇ. 0.65ರಷ್ಟು ಚಿನ್ನ ಇರುತ್ತದೆ. ಪ್ರತಿ ಸೀರೆಗೂ ತನ್ನದೇ ಸಂಖ್ಯೆಯಿದೆ. ಬೆಲೆ ನಿಗದಿತ, ಚೌಕಾಸಿ ಇಲ್ಲ. ಹಗುರವಾದ, ಒಡಲಿನಲ್ಲಿ ಹೆಚ್ಚು ಕೆಲಸವಿಲ್ಲದ ಸೀರೆ ಬಯಸುವ ವಯಸ್ಸಾದವರಿಗೆ ಮೈಸೂರು ರೇಷ್ಮೆಯೇ ಸರಿ. ದೊಡ್ಡ ಅಂಚು, ಭಾರವಾದ ಸೆರಗು ಬೇಕೆಂದರೆ ಚಿಕ್ಕಪೇಟೆಯ ಕಂಚಿ ಮತ್ತು ಧರ್ಮಾವರಂ ಸೀರೆಗಳು. ನಿಗಮದ ಮಳಿಗೆಗಳಲ್ಲಿ ಇತ್ತೀಚೆಗೆ ಬೇಡಿಕೆ ಪೂರೈಕೆಯನ್ನು ಮೀರಿದ್ದು, ಬಾಗಿಲು ತೆರೆಯುವ ಮೊದಲೇ ಜನ ಸಾಲು ನಿಲ್ಲುತ್ತಾರೆ; ಹೊಸ ಸರಕು ಯಾವಾಗ ಬರುತ್ತದೆಂದು ವಿಚಾರಿಸಿಯೇ ಹೊರಡಿ.

ಎಂ.ಜಿ. ರಸ್ತೆ ಮತ್ತು ಕಬ್ಬನ್ ಪಾರ್ಕ್

ಮಗಳು ಇನ್ನೂ ಶಾಲೆ ಅಥವಾ ಕಾಲೇಜಿನಲ್ಲಿದ್ದು, ಕರೆದುಕೊಂಡು ಹೋಗುವವರು ಅಮ್ಮನೇ ಆಗಿದ್ದರೆ ಮೇಲಿನ ಲೆಕ್ಕವೆಲ್ಲ ಬದಲಾಗುತ್ತದೆ. ಆಗ ಈ ಭಾಗವೇ ಮೊದಲು. 1870ರ ಕಬ್ಬನ್ ಪಾರ್ಕ್‌ನ ಮರಗಳ ಕೆಳಗೆ ಬೆಳಗನ್ನು ಕಳೆದು, ಕಸ್ತೂರಬಾ ರಸ್ತೆಯಲ್ಲಿರುವ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯಕ್ಕೆ ಹೋದರೆ ಹತ್ತು–ಹನ್ನೆರಡರ ಹುಡುಗಿಯರು ಮಧ್ಯಾಹ್ನದವರೆಗೆ ಹೊರಗೆ ಬರುವುದಿಲ್ಲ. ಯಂತ್ರಗಳನ್ನು ತಾವೇ ತಿರುಗಿಸಿ, ಗುಂಡಿ ಒತ್ತಿ ನೋಡಬಹುದು. ಅದೇ ರಸ್ತೆಯಲ್ಲಿ 2023ರಲ್ಲಿ ತೆರೆದ ಮ್ಯಾಪ್ ಕಲಾ ಸಂಗ್ರಹಾಲಯವಿದೆ. ಚಿತ್ರ, ಛಾಯಾಚಿತ್ರ, ಜವಳಿ ಎಲ್ಲವೂ ಇರುವ, ಲಿಫ್ಟ್ ಮತ್ತು ಶೌಚಾಲಯಗಳು ಸುಸಜ್ಜಿತವಾಗಿರುವ ಕಟ್ಟಡ. ಕಲೆಯಲ್ಲಿ ಆಸಕ್ತಿಯಿರುವ ಹಿರಿಯ ತಾಯಂದಿರಿಗೂ ಇದನ್ನು ಧೈರ್ಯವಾಗಿ ಸೂಚಿಸುತ್ತೇನೆ. ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಿಂದ ನಡೆಯುತ್ತಿರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇನ್ನಷ್ಟು ನಿಶ್ಶಬ್ದ, ಅದರ ಆವರಣದ ಮರಗಳೇ ಒಂದು ಆಕರ್ಷಣೆ.

ಚರ್ಚ್ ಸ್ಟ್ರೀಟ್‌ನ ಬ್ಲಾಸಮ್ ಮತ್ತು ಬುಕ್‌ವರ್ಮ್ ಅಂಗಡಿಗಳಲ್ಲಿ ಹಳೆಯ ಪುಸ್ತಕಗಳು ಕಡಿಮೆ ಬೆಲೆಗೆ ಸಿಗುತ್ತವೆ. ಕಮರ್ಷಿಯಲ್ ಸ್ಟ್ರೀಟ್‌ನ ಕಿವಿಯೋಲೆ, ಚಪ್ಪಲಿ, ಕುರ್ತಾಗಳ ಬಗ್ಗೆ ಹುಡುಗಿಯರಿಗೆ ನಾನು ಹೇಳಬೇಕಾದ್ದಿಲ್ಲ. ಎಂ.ಜಿ. ರಸ್ತೆಯ ಕಾವೇರಿ ಎಂಪೋರಿಯಂನಲ್ಲಿ ಶ್ರೀಗಂಧದ ವಸ್ತುಗಳೂ ಚನ್ನಪಟ್ಟಣದ ಬೊಂಬೆಗಳೂ ದೊರೆಯುತ್ತವೆ. ತಿನ್ನುವುದರಲ್ಲಿ ಮಾತ್ರ ಈ ಭಾಗ ಉಳಿದವುಗಳಿಗಿಂತ ದುಬಾರಿ, ಮತ್ತು ಮೆನು ನೋಡಿ “ನನಗೆ ಹಸಿವಿಲ್ಲ” ಎನ್ನುವ ಅಮ್ಮಂದಿರ ಹಸಿವಿಗೆ ಇಲ್ಲಿ ಸುಲಭದ ಉತ್ತರವಿಲ್ಲ. ಚರ್ಚ್ ಸ್ಟ್ರೀಟ್‌ನ ಇಂಡಿಯನ್ ಕಾಫಿ ಹೌಸ್‌ನಲ್ಲಿ ಹಳೆಯ ರೀತಿಯ ಕಾಫಿ, ದೋಸೆ, ಕಟ್ಲೆಟ್ ಇನ್ನೂ ಮಿತವಾದ ಬೆಲೆಗೆ ಸಿಗುತ್ತವೆ. ನಾನಂತೂ ಅಲ್ಲಿಗೇ ಹೋಗುತ್ತೇನೆ.

ಮಾಲ್‌ಗಳನ್ನು ಈ ಹೋಲಿಕೆಯಿಂದ ಹೊರಗಿಟ್ಟಿದ್ದೇನೆ. ಜಡಿಮಳೆಯ ದಿನ, ಅಥವಾ ಏಪ್ರಿಲ್‌ನ ಬಿಸಿಲಿನಲ್ಲಿ ಸಿನಿಮಾ ನೋಡುವುದೇ ಉದ್ದೇಶವಾದಾಗ ಅವು ಉಪಯುಕ್ತವೇ. ಸಂಪಿಗೆ ರಸ್ತೆಯ ಮಂತ್ರಿ ಸ್ಕ್ವೇರ್ ಮೆಟ್ರೋ ನಿಲ್ದಾಣದ ಪಕ್ಕದಲ್ಲಿಯೇ ಇದೆ. ಎಸ್ಕಲೇಟರ್‌ಗೆ ಹೆದರುವ ಅಮ್ಮನಿದ್ದರೆ ಲಿಫ್ಟ್ ಎಲ್ಲಿದೆಯೆಂದು ಮೊದಲು ಕೇಳಿಕೊಳ್ಳಿ.

ವಾರ ಮತ್ತು ಹೊತ್ತು

ಯಾವ ಭಾಗವೆಂದು ನಿರ್ಧರಿಸಿದ ಮೇಲೂ ವಾರವನ್ನು ನೋಡದೆ ಹೊರಡಬಾರದು. ಸೋಮವಾರ ಎಂ.ಟಿ.ಆರ್. ಹೋಟೆಲಿಗೂ ಮ್ಯಾಪ್, ಆಧುನಿಕ ಕಲಾ ಗ್ಯಾಲರಿಗಳಿಗೂ ರಜೆ. ಶುಕ್ರವಾರ ವಿದ್ಯಾರ್ಥಿ ಭವನ ತೆರೆಯುವುದಿಲ್ಲ. ಅದೇ ದಿನ ಅಮ್ಮನಿಗೆ ದೇವಸ್ಥಾನ ಮುಖ್ಯವಾಗಿರುವುದರಿಂದ ಬಸವನಗುಡಿಗೆ ಬರುವವರು ಅನೇಕರು ಮುಚ್ಚಿದ ಬಾಗಿಲನ್ನು ನೋಡಿ ಹಿಂದಿರುಗುತ್ತಾರೆ. ಭಾನುವಾರ ಚಿಕ್ಕಪೇಟೆಯಲ್ಲಿ ಅನೇಕ ಅಂಗಡಿಗಳಿಗೆ ರಜೆ. ಕಬ್ಬನ್ ಪಾರ್ಕ್‌ನೊಳಗೆ ಅಂದು ವಾಹನ ಸಂಚಾರವಿಲ್ಲದಿರುವುದರಿಂದ ನಡೆಯಲು ಹಿತ, ಜನ ಮಾತ್ರ ಹೆಚ್ಚು. ನನ್ನ ಆಯ್ಕೆ ಮಂಗಳವಾರದಿಂದ ಗುರುವಾರದೊಳಗಿನ ಒಂದು ದಿನ, ಅದಕ್ಕಾಗಿ ಒಂದು ರಜೆ ಹಾಕಬೇಕಾಗಿ ಬಂದರೂ ಸರಿಯೆ.

ನಗರದಲ್ಲಿಯೇ ತಂಗುವವರು ಸಂಜೆಗೆ ಒಂದು ನಾಟಕವನ್ನು ಸೇರಿಸಿಕೊಳ್ಳಬಹುದು. ಜೆ.ಪಿ. ನಗರದ ರಂಗಶಂಕರ 2004ರಿಂದ ನಡೆಯುತ್ತಿದ್ದು, ಸೋಮವಾರ ಬಿಟ್ಟು ಉಳಿದ ದಿನಗಳಲ್ಲಿ ಸಾಮಾನ್ಯವಾಗಿ ಸಂಜೆ 7.30ಕ್ಕೆ ಪ್ರದರ್ಶನವಿರುತ್ತದೆ, ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. ಬಸವನಗುಡಿಯಿಂದ ಇದು ಹತ್ತಿರ, ಮಲ್ಲೇಶ್ವರದಿಂದ ದೂರ. ಮಲ್ಲೇಶ್ವರವನ್ನು ಆರಿಸಿಕೊಂಡವರಿಗೆ ವೈಯಾಲಿಕಾವಲ್‌ನ, ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನದಲ್ಲಿ ಸಂಗೀತ ಕಛೇರಿ ಇದೆಯೇ ಎಂದು ವಿಚಾರಿಸುವುದು ಸೂಕ್ತ. ಸಂಜೆಯ ಕಾರ್ಯಕ್ರಮವಿದ್ದರೆ ಮಧ್ಯಾಹ್ನ ಎರಡು ಗಂಟೆಯ ನಿದ್ದೆಗೆ ಜಾಗವಿರಬೇಕು, ಇಲ್ಲವಾದರೆ ಅಮ್ಮ ಎರಡನೆಯ ಅಂಕದಲ್ಲಿ ತೂಕಡಿಸುತ್ತಾರೆ.

ಊರಿಗೆ ಅದೇ ದಿನ ಮರಳುವವರು ಸಂಜೆ ನಾಲ್ಕೂವರೆಗೆ ಮೆಟ್ರೋ ಹತ್ತಿದರೆ ಕಚೇರಿ ಬಿಡುವ ಹೊತ್ತಿನ ನೂಕುನುಗ್ಗಲಿಗೆ ಮೊದಲೇ ಮೆಜೆಸ್ಟಿಕ್ ತಲುಪುತ್ತಾರೆ. ಹಸಿರು ಮತ್ತು ನೇರಳೆ ಮಾರ್ಗಗಳಲ್ಲಿ ಮೊದಲ ಬೋಗಿ ಮಹಿಳೆಯರಿಗೆ ಮೀಸಲಾಗಿರುವುದರಿಂದ ಪ್ಲಾಟ್‌ಫಾರಂನ ಮುಂತುದಿಗೆ ಹೋಗಿ ನಿಲ್ಲಿ. ಸೀರೆಯ ಚೀಲ ಮಗಳ ಕೈಯಲ್ಲಿರಲಿ. ಗುರುತಿನ ಚೀಟಿಯನ್ನು ಅಮ್ಮ ಕೈಚೀಲದ ತಳದಲ್ಲಿ ಇಟ್ಟಿರುತ್ತಾರೆ, ಬಸ್ ಹತ್ತುವ ಮೊದಲೇ ತೆಗೆಸಿಕೊಳ್ಳಿ.